ಮೊದಲು ಒಡೆಯಲು ಕಲಿಸಿ, ಉರಿ ಆಮೇಲೆ

ನನ್ನ ತವರು ನರಗುಂದ, ಗಂಡನ ಮನೆ ರೋಣ, ಮಗಳನ್ನು ಕೊಟ್ಟದ್ದು ಗಜೇಂದ್ರಗಡಕ್ಕೆ. ನಡುವೆ ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರು ಅನ್ನಿಸಿಕೊಂಡೆ. ಮೂರೂ ಊರಿನ ಅಡುಗೆಮನೆಗಳಲ್ಲಿ ಯಾರನ್ನೂ ಕೇಳದೆ ಡಬ್ಬಿ ತೆಗೆದು ನೋಡುವಷ್ಟು ಸಲಿಗೆ ನನಗಿದೆ. ಆ ಸಲಿಗೆಯಿಂದಲೇ ಈ ಮಾತು.

2022ರ ಜುಲೈನಲ್ಲಿ ನಮ್ಮ ಶಾಲೆಗೆ ಬಿಸಿಯೂಟದ ಜೊತೆ ತತ್ತಿ ಬಂತು. (ಬೆಂಗಳೂರು, ಮೈಸೂರಿನವರು ಮೊಟ್ಟೆ ಎಂದು ಓದಿಕೊಳ್ಳಿ, ನಮಗೆ ಅದು ತತ್ತಿಯೇ.) ಮೊದಲ ವರ್ಷ 46 ದಿನ. ಗಜೇಂದ್ರಗಡದಾಚೆ ಕುಷ್ಟಗಿ, ಯಲಬುರ್ಗಾದ ಮಕ್ಕಳಿಗೆ ಅದಕ್ಕೂ ಮೊದಲೇ, 2021ರ ಡಿಸೆಂಬರಿನಲ್ಲಿ, ಸಿಕ್ಕಿತ್ತು. ಅವರದು ಕೊಪ್ಪಳ ಜಿಲ್ಲೆ, ಕಲ್ಯಾಣ ಕರ್ನಾಟಕದ ಲೆಕ್ಕ. "ಅವರಿಗೆ ಕೊಡ್ತಾರ, ನಮಗ್ಯಾಕಿಲ್ರೀ ಅಕ್ಕೋರ?" ಎಂದು ಕೇಳಿದ ಹುಡುಗನಿಗೆ ಉತ್ತರ ಕೊಡಲು ನನಗೆ ಆಗ ಆಗಿರಲಿಲ್ಲ. ಕೊನೆಗೂ ಬಂದ ದಿನ ತಾಟಿನಲ್ಲಿ ಬೆಂದ ತತ್ತಿ ಇಟ್ಟರೆ ಐದನೇ ಇಯತ್ತೆಯ ಅರ್ಧ ಮಕ್ಕಳಿಗೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬ ಗೋಡೆಗೆ ಗುದ್ದಿದ. ಒಬ್ಬಳು ಉಗುರಿನಿಂದ ಕೆರೆದು ಕೆರೆದು ಸಿಪ್ಪೆಯ ಜೊತೆಗೆ ಅರ್ಧ ಬಿಳಿಯನ್ನೂ ಕಿತ್ತಿಟ್ಟಳು. ಇನ್ನೊಬ್ಬಳು ತನ್ನ ಪಾಲಿನದನ್ನು ಕಂಪಾಸ್ ಡಬ್ಬಿಯಲ್ಲಿ ಮುಚ್ಚಿಟ್ಟಳು, ಮನೆಯಲ್ಲಿರುವ ತಮ್ಮನಿಗೆಂದು. ತತ್ತಿ ಉಣ್ಣದ ಮನೆಯ ಮಕ್ಕಳೇನಲ್ಲ ಇವರು. ಸುಲಿದು, ಉಪ್ಪು ಹಚ್ಚಿ, ಬಾಯಿಗೆ ಕೊಟ್ಟದ್ದನ್ನು ಉಂಡವರು, ಅಷ್ಟೇ.

ಈಗ ವಾರದ ಆರೂ ದಿನ ಕೊಡುತ್ತಾರೆ; 2024ರ ಸೆಪ್ಟೆಂಬರಿನಿಂದ ನಾಲ್ಕು ದಿನದ ಖರ್ಚನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೊತ್ತುಕೊಂಡಿದೆ. ಸುಲಿಯುವುದು ಎಲ್ಲರಿಗೂ ಬಂದಿದೆ. ಬೇಯಿಸುವುದು ಬಂದಿಲ್ಲ. ಹೆಸರು ಬಿಡಿಸುವ ಕಾಲಕ್ಕೆ ಅವ್ವ ಹೊಲದಲ್ಲಿರುತ್ತಾಳೆ, ಉಳ್ಳಾಗಡ್ಡಿ ಕೀಳುವಾಗಲೂ ಹೊಲದಲ್ಲೇ. ಗಜೇಂದ್ರಗಡದ ನೇಕಾರರ ಮನೆಯಲ್ಲಾದರೆ ಮಗ್ಗ ಬಿಟ್ಟು ಏಳುವ ಹಾಗಿಲ್ಲ. ಸಂಜೆ ಶಾಲೆ ಬಿಟ್ಟು ಬಂದ ಹುಡುಗ ಹತ್ತು ರೂಪಾಯಿಯ ಕುರುಕಲು ಪೊಟ್ಟಣ ಹರಿಯುತ್ತಾನೆ. ಅದೇ ಹತ್ತು ರೂಪಾಯಿಯೊಳಗೆ ಆರು ಗ್ರಾಂ ಪ್ರೋಟೀನ್ ಇರುವ ಒಂದು ತತ್ತಿ ಬರುತ್ತದೆ, ಮನೆಯಲ್ಲಿ ರೊಟ್ಟಿ ಹೇಗೂ ಇರುತ್ತದೆ. ಕಲಿಸುವುದಕ್ಕೆ ಒಂದು ತಿಂಗಳ ಭಾನುವಾರಗಳು ಸಾಕು. ನನಗೆ ತಿಳಿದದ್ದನ್ನು ಬರೆದಿದ್ದೇನೆ.

• ಕಲಿಸುವ ಮೊದಲು ನಿಮ್ಮ ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳಿ. ಇದು ಎಲ್ಲಕ್ಕಿಂತ ಕಷ್ಟದ್ದು. ನನ್ನ ಮಗಳು ಎಂಟು ವರ್ಷದವಳಿದ್ದಾಗ ತತ್ತಿ ಒಡೆಯಲು ಬಂದಳು, ಮೊದಲನೆಯದೇ ಕಟ್ಟೆಯ ಮೇಲೆ ಚೆಲ್ಲಿತು. "ಬಿಡು, ನಿನ್ನಿಂದ ಆಗೂದಿಲ್ಲ" ಎಂದು ಬಟ್ಟಲು ಕಸಿದುಕೊಂಡೆ. ಶಾಲೆಯಲ್ಲಿ ತಪ್ಪು ಬರೆದ ಹುಡುಗನ ಪಾಟಿಯನ್ನು ಒಮ್ಮೆಯೂ ಕಸಿದುಕೊಂಡವಳಲ್ಲ ನಾನು. ಮನೆಯಲ್ಲಿ ಕಸಿದುಕೊಂಡೆ. ಅವಳು ಮತ್ತೆ ಒಡೆದದ್ದು ಮದುವೆಯಾಗಿ ಅತ್ತೆಯ ಮನೆಯಲ್ಲಿ, ಅದೂ ಅತ್ತೆ ಊರಲ್ಲಿಲ್ಲದ ದಿನ ನೋಡಿಕೊಂಡು. ಆದ್ದರಿಂದ ಆರು ತತ್ತಿ ತಂದರೆ ಅದರಲ್ಲಿ ಎರಡು ಚೆಲ್ಲಲಿಕ್ಕೆಂದೇ ತಂದದ್ದು ಎಂದು ಲೆಕ್ಕ ಬರೆದುಬಿಡಿ. ಪಾಟಿ, ಪೆನ್ಸಿಲಿನ ಖರ್ಚು ಇದ್ದ ಹಾಗೆ.

• ಮೊದಲ ಪಾಠಕ್ಕೆ ಗ್ಯಾಸ್ ಹಚ್ಚುವುದೇ ಬೇಡ. ಒಡೆಯುವುದಷ್ಟೇ ಪಾಠ. ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಒಂದು ಅಗಲ ಬಟ್ಟಲಿಟ್ಟು, ಎದುರಿಗೆ ಕುಳಿತುಕೊಳ್ಳಿ. ಬಹಳ ಜನ ಬಟ್ಟಲಿನ ಅಂಚಿಗೆ ಬಡಿಯಲು ಕಲಿಸುತ್ತಾರೆ. ಅಂಚು ಸಿಪ್ಪೆಯನ್ನು ಒಳಕ್ಕೆ ನೂಕುತ್ತದೆ, ಚೂರು ಬಿಳಿಯೊಳಗೆ ಹೋಗುತ್ತದೆ, ಹಳದಿಯೂ ಒಡೆಯುತ್ತದೆ. ಸಪಾಟಾದ ನೆಲಕ್ಕೆ, ತತ್ತಿಯ ನಡುಹೊಟ್ಟೆಯನ್ನು, ಬಾಗಿಲು ತಟ್ಟಿದ ಹಾಗೆ ಒಮ್ಮೆ ತಟ್ಟಬೇಕು. 'ಟಕ್' ಎನ್ನುವ ಗಟ್ಟಿ ಸದ್ದು ಬಂದರೆ ಇನ್ನೂ ಒಡೆದಿಲ್ಲ. 'ಚಿಕ್' ಎಂದು ಸದ್ದು ಸಣ್ಣಗಾದರೆ ಸಾಕು, ನಿಲ್ಲಿಸಬೇಕು. ಆಮೇಲೆ ಬಿರುಕಿನ ಎರಡೂ ಬದಿಗೆ ಎರಡು ಹೆಬ್ಬೆರಳು ಇಟ್ಟು, ಬಟ್ಟಲಿಗೆ ಹತ್ತಿರ ಹಿಡಿದು, ಪುಸ್ತಕ ತೆರೆದ ಹಾಗೆ ತೆರೆಯುವುದು. ಮೇಲಿನಿಂದ ಬಿಟ್ಟರೆ ಹಳದಿ ಉಳಿಯುವುದಿಲ್ಲ. ಸಿಪ್ಪೆಯ ಚೂರು ಬಿದ್ದರೆ ಬೆರಳಿನಿಂದ ಹಿಡಿಯಲು ಹೋಗಬಾರದು, ಅದು ಜಾರುತ್ತಲೇ ಇರುತ್ತದೆ. ಕೈಯಲ್ಲಿರುವ ಅರ್ಧ ಸಿಪ್ಪೆಯಿಂದಲೇ ಅದನ್ನು ಮೊಗೆಯಲು ಹೇಳಿ. ತಾನಾಗಿ ಬಂದುಬಿಡುತ್ತದೆ. ಮೊದಲ ಸಲ ಅದನ್ನು ನೋಡಿದ ಮಗುವಿನ ಮುಖವನ್ನು ನೀವೂ ನೋಡಿ.

• ಒಡೆದದ್ದನ್ನು ಚೆಲ್ಲಬೇಕಿಲ್ಲ. ಅವತ್ತಿನ ಅಡುಗೆ ನೀವು ಮಾಡಿ.

• ಒಂದೊಂದನ್ನೇ ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ದೊಡ್ಡದಕ್ಕೆ ಸುರಿಯುವ ರೂಢಿ ಮೊದಲ ದಿನದಿಂದಲೇ ಇರಲಿ. ಅಂಗಡಿಯ ಫಾರ್ಮ್ ತತ್ತಿಗೆ ಇದು ಅಷ್ಟಾಗಿ ಬೇಕಾಗದು. ಜವಾರಿ ತತ್ತಿಗೆ ಬೇಕೇ ಬೇಕು. ನರಗುಂದದಲ್ಲಿ ನಮ್ಮ ಕೋಳಿಗಳು ಹಿತ್ತಲಿನ ಬಣವಿಯೊಳಗೆ ಎಲ್ಲೋ ಕದ್ದು ತತ್ತಿ ಇಡುತ್ತಿದ್ದವು. ಎಷ್ಟು ದಿನದ್ದು, ಕಾವಿಗೆ ಕುಳಿತದ್ದೋ ಅಲ್ಲವೋ ಯಾರಿಗೂ ತಿಳಿಯದು. ಒಮ್ಮೆ ನಾನು ಅಂಥದೊಂದನ್ನು ನೇರವಾಗಿ ನಾಲ್ಕು ಒಳ್ಳೆಯ ತತ್ತಿಗಳ ಮೇಲೆ ಒಡೆದೆ. ಏನಿತ್ತು ಎಂದು ಬರೆಯುವುದಿಲ್ಲ. ಊಟದ ಹೊತ್ತಿಗೆ ಓದುವವರು ಇರಬಹುದು.

• ಹಳತೋ ಹೊಸತೋ ಎಂದು ನೋಡಲು ಒಂದು ಲೋಟ ನೀರು ಸಾಕು. ಹೊಸ ತತ್ತಿ ತಳದಲ್ಲಿ ಅಡ್ಡ ಮಲಗುತ್ತದೆ. ದಿನ ಕಳೆದದ್ದು ಎದ್ದು ನಿಲ್ಲುತ್ತದೆ. ತೇಲಿದರೆ ಬಳಸದಿರುವುದೇ ಒಳ್ಳೆಯದು. ಕಾರಣವನ್ನೂ ಹೇಳಿ, ಮಕ್ಕಳಿಗೆ ಕಾರಣ ರುಚಿಸುತ್ತದೆ: ಸಿಪ್ಪೆಯ ತುಂಬ ಕಣ್ಣಿಗೆ ಕಾಣದ ತೂತುಗಳಿವೆ, ಒಳಗಿನ ತೇವ ಅದರಿಂದ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ, ದಪ್ಪ ತುದಿಯಲ್ಲಿರುವ ಗಾಳಿಗೂಡು ದಿನದಿನಕ್ಕೆ ದೊಡ್ಡದಾಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಇದು ಬೇಗ ನಡೆಯುತ್ತದೆ. ಫ್ರಿಜ್ ಇಲ್ಲದವರು ಬೇಸಿಗೆಯಲ್ಲಿ 30ರ ಟ್ರೇ ತರುವ ಬದಲು ನಾಲ್ಕೈದೇ ತನ್ನಿ.

• ಹಸಿ ತತ್ತಿ ಮುಟ್ಟಿದ ಕೈ ಸೋಪಿನಿಂದ ತೊಳೆಯದೆ ರೊಟ್ಟಿ ಬುಟ್ಟಿಗೆ ಹೋಗಕೂಡದು. ಸಿಪ್ಪೆಯ ಮೇಲೆ ಕೋಳಿಯ ಹೊಲಸಿನಿಂದ ಬಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿ, ಭೇದಿ ತರುವಂಥದ್ದು. ಸಣ್ಣ ಮಕ್ಕಳಿಗೆ, ಬಸುರಿಯರಿಗೆ, ನನ್ನಂಥ ವಯಸ್ಸಾದವರಿಗೆ ಹಳದಿ ಹರಿಯುವ ಅರೆಬೆಂದ ತತ್ತಿ ಬೇಡ. ಹಸಿಯಾಗಿ ಕುಡಿದರೆ ಶಕ್ತಿ ಎಂದು ಗರಡಿಮನೆಯ ಮಾತೊಂದಿದೆ. ಬೇಯಿಸಿದರೇ ಮೈಗೆ ಹೆಚ್ಚು ಹತ್ತುತ್ತದೆ.

• ಎರಡನೆಯ ಪಾಠ ಕುದಿಸುವುದು. ತಣ್ಣೀರಿಗೇ ತತ್ತಿ ಹಾಕಲು ಕಲಿಸಿ. ಕುದಿಯುವ ನೀರಿಗೆ ಹಾಕಿದರೆ ಸಿಪ್ಪೆ ಚೆನ್ನಾಗಿ ಬಿಡುತ್ತದೆ ಎನ್ನುವುದು ನಿಜ. ಆದರೆ ಎಂಟು ವರ್ಷದ ಕೈಯಿಂದ ಜಾರಿದ ತತ್ತಿ ಕುದಿನೀರು ಚಿಮ್ಮಿಸುತ್ತದೆ. ಆ ಪಾಠ ಹನ್ನೆರಡರ ಮೇಲೆ. ತತ್ತಿ ಮುಳುಗಿ ಒಂದು ಬೆರಳು ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಎಲ್ಲಾದರೂ ಬಿರುಕು ಬಿಟ್ಟರೆ ಬಿಳಿ ಬೇಗ ಗಟ್ಟಿಯಾಗಲಿಕ್ಕೆ ಉಪ್ಪು. ನೀರು ಉಕ್ಕಿ ಕುದಿಯತೊಡಗಿದ ಮೇಲೆ ಉರಿ ಸಣ್ಣದು ಮಾಡಿಸಿ, ಆಗಿನಿಂದ ಹೊತ್ತು ಎಣಿಸಬೇಕು.

 ಎಷ್ಟು ಹೊತ್ತು? ಒಂಬತ್ತು ಹತ್ತು ನಿಮಿಷ. ಗಡಿಯಾರ ಓದಲು ಬರುವ ಮಗು ಗಡಿಯಾರ ನೋಡಲಿ. ನಾನು ಮಾತ್ರ ಮಗ್ಗಿ ಹೇಳಿಸುತ್ತೇನೆ. ಎರಡರ ಮಗ್ಗಿಯಿಂದ ಹತ್ತರ ಮಗ್ಗಿಯವರೆಗೆ ಅವಸರ ಮಾಡದೆ ಹೇಳಿದರೆ ನಾಲ್ಕೂವರೆ ನಿಮಿಷದ ಆಸುಪಾಸು. ಎರಡು ಸಲ ಹೇಳಿದರೆ ತತ್ತಿ ಬೆಂದಿರುತ್ತದೆ, ಮಗ್ಗಿಯೂ ಬಂದಿರುತ್ತದೆ. ಮೊಮ್ಮಗ ಏಳರ ಮಗ್ಗಿಯಲ್ಲಿ ಪ್ರತಿ ಸಲ ಎಡವುತ್ತಾನೆ, ಹೀಗಾಗಿ ಅವನ ತತ್ತಿ ಒಂದು ನಿಮಿಷ ಹೆಚ್ಚೇ ಬೇಯುತ್ತದೆ. ಮಗ್ಗದ ಸದ್ದಿನ ಓಣಿಯಲ್ಲಿ ಈ ಮಗ್ಗಿಯ ಸದ್ದು ಕೇಳಿ ಪಕ್ಕದ ಮನೆಯವರು ಶಿಕ್ಷೆ ಕೊಟ್ಟಿದ್ದೇನೆ ಎಂದುಕೊಂಡಿದ್ದರಂತೆ.

• ಉರಿ ದೊಡ್ಡದು ಮಾಡಿದರೆ ಬೇಗ ಬೇಯುವುದಿಲ್ಲವೇ ಎಂದು ಕೇಳುತ್ತಾರೆ, ಕೇಳಲಿ. ಕುದಿಯುವ ನೀರು ಎಷ್ಟೇ ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ತತ್ತಿಯ ಬಿಳಿ ಗಟ್ಟಿಯಾಗತೊಡಗುವುದು 60 ಡಿಗ್ರಿ ದಾಟಿದ ಮೇಲೆ, ಹಳದಿ 65ರಿಂದ 70ಕ್ಕೆ. ಅಂದರೆ ತತ್ತಿಗೆ ಬೇಕಾದದ್ದು ಸಣ್ಣ ಬಿಸಿ. ದೊಡ್ಡ ಉರಿಯಿಂದ ಸಿಗುವುದು ಎರಡೇ: ಪಾತ್ರೆಯಲ್ಲಿ ತತ್ತಿಗಳು ಒಂದಕ್ಕೊಂದು ಬಡಿದು ಬಿರಿಯುತ್ತವೆ, ಸಿಲಿಂಡರ್ ಬೇಗ ತೀರುತ್ತದೆ. ಈ ಒಂದು ಮಾತು ತಲೆಗೆ ಹೋದರೆ ಮುಂದಿನ ಅಡುಗೆಯೆಲ್ಲ ಸಲೀಸು. ಅನ್ನ ತಳ ಹಿಡಿಸುವವರು, ಒಗ್ಗರಣೆ ಸುಡುವವರು, ಹಾಲು ಉಕ್ಕಿಸುವವರು ಎಲ್ಲರೂ ಸಣ್ಣವರಿದ್ದಾಗ ಉರಿ ಇಳಿಸಲು ಕಲಿಯದವರು. (ನಾನೂ ಹಾಲು ಉಕ್ಕಿಸುತ್ತೇನೆ. ಅದು ಟಿ.ವಿ.ಯ ತಪ್ಪು.)

• ಹಳದಿಯ ಸುತ್ತ ಹಸಿರುಗಪ್ಪು ಬಳೆ ಕಂಡರೆ ತತ್ತಿ ಕೆಟ್ಟಿದೆ ಎಂದು ಚೆಲ್ಲಬೇಡಿ. ಹೆಚ್ಚು ಬೆಂದಿದೆ, ಅಷ್ಟೇ. ಬಿಳಿಯಲ್ಲಿನ ಗಂಧಕ ಹಳದಿಯಲ್ಲಿನ ಕಬ್ಬಿಣವನ್ನು ಸೇರಿ ಆ ಬಣ್ಣ ಬರುತ್ತದೆ. ಉಣ್ಣಬಹುದು. ಶಾಲೆಯಲ್ಲಿ ನೂರಾರು ತತ್ತಿಗಳನ್ನು ಒಂದೇ ಹಂಡೆಯಲ್ಲಿ ಕುದಿಸುವಾಗ ಅದು ತಪ್ಪಿದ್ದಲ್ಲ. ಮನೆಯಲ್ಲಿ ಎರಡೇ ತತ್ತಿಗೆ ಬಂದರೆ ಯಾರೋ ಮೊಬೈಲ್ ನೋಡುತ್ತ ಕುಳಿತಿದ್ದರು ಎಂದರ್ಥ.

• ಬೆಂದ ಕೂಡಲೇ ತಣ್ಣೀರಿಗೆ. ಬಿಸಿ ಪಾತ್ರೆಯನ್ನು ಮಗು ಬಗ್ಗಿಸಬಾರದು. ಇಕ್ಕಳ ಹಿಡಿದು ನೀರು ಬಸಿಯುವುದು ದೊಡ್ಡವರ ಕೆಲಸ, ಇನ್ನೆರಡು ವರ್ಷ. ಮಗು ತೂತಿನ ಸೌಟಿನಿಂದ ಒಂದೊಂದೇ ಎತ್ತಿ ತಣ್ಣೀರಿಗೆ ಬಿಡಲಿ. ಐದು ನಿಮಿಷ ಬಿಟ್ಟು, ಅಂಗೈಯಡಿ ಇಟ್ಟು ನೆಲದ ಮೇಲೆ ಉರುಳಿಸಿ, ಸಿಪ್ಪೆ ತುಂಬ ಬಿರುಕು ಬಿಡಿಸಿ, ದಪ್ಪ ತುದಿಯಿಂದ ಶುರು ಮಾಡಬೇಕು. ಗಾಳಿಗೂಡು ಇರುವುದು ಅಲ್ಲೇ, ಉಗುರಿಗೆ ಜಾಗ ಸಿಗುತ್ತದೆ. ಸಿಪ್ಪೆಯ ಕೆಳಗಿನ ತೆಳು ಪೊರೆ ಸಿಕ್ಕಿತೋ, ಉಳಿದದ್ದು ಬಾಳೆಹಣ್ಣಿನ ಹಾಗೆ. ನಿನ್ನೆ ಇಟ್ಟ ಜವಾರಿ ತತ್ತಿ ಹಟ ಮಾಡುತ್ತದೆ, ವಾರದ ಹಳತು ಸುಮ್ಮನೆ ಬಿಟ್ಟುಕೊಡುತ್ತದೆ. ಮಗು ಗುಳಿಗುಳಿಯಾಗಿ ಸುಲಿದರೆ ಕೈಯನ್ನು ಬೈಯಬೇಡಿ, ತತ್ತಿ ಹೊಸತು ಎಂದು ಹೇಳಿ.

• ಬೆಂದ ತತ್ತಿ ಹೋಳು ಮಾಡಲು ಚಾಕು ಏಕೆ? ಒಂದು ಮೊಳ ಬಿಳಿಯ ಹೊಲಿಗೆ ದಾರವನ್ನು ತೊಳೆದು, ತತ್ತಿಗೆ ಒಂದು ಸುತ್ತು ಸುತ್ತಿ, ಎರಡೂ ತುದಿ ಎಳೆಯಿರಿ. ಚಾಕುವಿಗಿಂತ ನುಣುಪಾಗಿ ಎರಡು ಹೋಳು. ಇದನ್ನು ನನಗೆ ತೋರಿಸಿದ್ದು ಗಜೇಂದ್ರಗಡದ ನೇಕಾರರ ಮನೆಯ ಹೆಣ್ಣುಮಗಳು. ಮೊಮ್ಮಗ ಅದನ್ನು ನೋಡಿ ಮರುದಿನ ಮಗ್ಗದ ಮನೆಯಿಂದ ಕೆಂಪು ಎಳೆ ತಂದು ಕೊಯ್ದ. ತತ್ತಿಗೂ ಕೆಂಪು ಅಂಚು ಬಂತು. ಬಣ್ಣದ ದಾರ ಬೇಡ. ಹೋಳಿನ ಮೇಲೆ ಉಪ್ಪು, ಒಂದು ಚಿಟಿಕೆ ಗುರೆಳ್ಳು ಹಿಂಡಿ. ಇಷ್ಟಾದರೆ ರೊಟ್ಟಿಗೆ ಬೇರೆ ಪಲ್ಯ ಕೇಳುವುದಿಲ್ಲ.

• ಮೂರನೆಯದು ಉರಿಯ ಪಾಠ. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು, ನೀವೂ ಇರಿ. ಲೈಟರ್ ಮೊದಲು ಕೈಗೆ, ಆಮೇಲೆ ಗ್ಯಾಸಿನ ಕಿವಿ ತಿರುಗಿಸುವುದು. ತಿರುಗಿಸಿಟ್ಟು ಲೈಟರ್ ಹುಡುಕುವುದಲ್ಲ. ಪಾಲಿಸ್ಟರ್ ಲಂಗ, ಇಳಿಬಿದ್ದ ದುಪಟ್ಟಾ, ಬಿಚ್ಚಿದ ಕೂದಲು ಒಲೆಯ ಹತ್ತಿರ ಬರಕೂಡದು. ಕಟ್ಟೆ ಎಟುಕದ ಮಗು ಡಬ್ಬಿ, ಬಕೆಟ್ ಬೋರಲು ಹಾಕಿ ನಿಲ್ಲುತ್ತದೆ; ಅಲುಗದ ಮಣೆ ಮಾಡಿಸಿಕೊಡಿ, ಇಲ್ಲವೇ ಎತ್ತರ ಬರುವವರೆಗೆ ಕಾಯಿರಿ. ಪಾತ್ರೆಯ ಹಿಡಿ ಒಳಮುಖವಾಗಿರಲಿ.

 ಗಜೇಂದ್ರಗಡದವರಿಗೆ ಇನ್ನೊಂದು ಮಾತು. ಗುಡ್ಡದ ಮೇಲೆ ಆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಕಿಟಕಿ ತೆರೆದಿದ್ದರೆ ಸಣ್ಣ ಉರಿ ಎರಡು ಸಲ ಆರಿಹೋಗುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಕಿಟಕಿ ಓರೆ ಮಾಡಿ ಒಲೆ ಹಚ್ಚಲಿ; ಉರಿ ಇದೆಯೇ ಎಂದು ಆಗಾಗ ಬಗ್ಗಿ ನೋಡುವುದು ರೂಢಿಯಾಗಲಿ. ವಾಸನೆ ಬಂದರೆ ಕಿಟಕಿ, ಬಾಗಿಲು ಪೂರಾ ತೆಗೆಯಬೇಕು, ರೆಗ್ಯುಲೇಟರ್ ಬಂದ್ ಮಾಡಬೇಕು, ಲೈಟಿನ ಸ್ವಿಚ್ ಮುಟ್ಟಬಾರದು, ಹೊರಗೆ ಹೋಗಿ ದೊಡ್ಡವರನ್ನು ಕರೆಯಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಕೂಡಿಕೊಂಡಿರುತ್ತದೆ. ಸೋರಿಕೆಗೆ ಕರೆ ಮಾಡುವ ನಂಬರ್ 1906. ಗೋಡೆಯ ಮೇಲೆ ಮಗುವಿನ ಕೈಯಿಂದಲೇ ಬರೆಸಿ.

• ಸುಟ್ಟರೆ ನಳದ ಕೆಳಗೆ 20 ನಿಮಿಷ. ನಮ್ಮಲ್ಲಿ ನಳಕ್ಕೆ ನೀರು ಬರುವ ದಿನವನ್ನೇ ಕಾಯಬೇಕು, ಹಾಗಾಗಿ ಕೊಡದಿಂದ ತಂಬಿಗೆಯಲ್ಲಿ ತಣ್ಣೀರು ಮೆಲ್ಲಗೆ ಸುರಿಯುತ್ತಿರಿ. ಟೂತ್‌ಪೇಸ್ಟ್ ಬೇಡ, ಶಾಯಿ ಬೇಡ, ಬರ್ಫವೂ ಬೇಡ. ಬೊಬ್ಬೆ ದೊಡ್ಡದಿದ್ದರೆ ಡಾಕ್ಟರ ಹತ್ತಿರ.

• ರೊಟ್ಟಿಯ ಹಂಚಿಗೆ ತತ್ತಿ ಮುಟ್ಟಿಸಬೇಡಿ. ಮಡಿಯ ಮಾತಲ್ಲ ಇದು. ರೊಟ್ಟಿಯ ಹಂಚು ಒಣಗಿ ಹಿಟ್ಟು ಹಿಡಿದಿರುತ್ತದೆ, ತತ್ತಿ ಕಚ್ಚಿಕೊಂಡು ಕೂರುತ್ತದೆ. ಮರುದಿನದ ರೊಟ್ಟಿಗೆ ವಾಸನೆ ಬೇರೆ. ಒಂದು ಸಣ್ಣ ಕಬ್ಬಿಣದ ಬಾಣಲೆಯನ್ನು ಮಗುವಿನ ಹೆಸರಿಗೆ ಬಿಟ್ಟುಬಿಡಿ. ಸ್ವಂತ ಬಾಣಲೆ ಇದ್ದವರು ತೊಳೆದೂ ಇಡುತ್ತಾರೆ. ಬಹುಮಟ್ಟಿಗೆ.

• ಬಾಣಲೆಯ ಪಾಠವನ್ನು ಕಿವಿಯಿಂದ ಕಲಿಸಿ. ಎಣ್ಣೆ ಕಾದಿದೆಯೇ ಎಂದು ನೋಡಲು ಒಂದು ಚೂರು ಉಳ್ಳಾಗಡ್ಡಿ ಹಾಕಬೇಕು. ಸದ್ದೇ ಇಲ್ಲದಿದ್ದರೆ ತಡೆಯಿರಿ, ತತ್ತಿ ಕಚ್ಚಿಕೊಳ್ಳುತ್ತದೆ. 'ಚರ್ರ್' ಎಂದು ಸಿಡಿದರೆ ಹೆಚ್ಚು ಕಾದಿದೆ, ಅಂಚು ಸುಟ್ಟು ನಡು ಹಸಿ ಉಳಿಯುತ್ತದೆ. 'ಸುಂಯ್' ಎಂದು ಒಂದೇ ಎಳೆಯಲ್ಲಿ ಹಿಡಿದ ಸದ್ದು ಬರಬೇಕು. ಆಗ ತತ್ತಿಯನ್ನು ಬಟ್ಟಲಿನಿಂದ ಬಾಣಲೆಗೆ ತೀರಾ ಹತ್ತಿರ ಹಿಡಿದು ಜಾರಿಸಬೇಕು. 1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ ರೋಣದ ಜನಕ್ಕೆ ವಿಲಂಬಿತ ಅಂದರೇನು ಎಂದು ನಾನು ಹೇಳಬೇಕಿಲ್ಲ. ತತ್ತಿಗೂ ಅದೇ ಲಯ.

 ಹೊಸಬರಿಗೆ ಮಗುಚುವ ಗೊಡವೆ ಬೇಡ. ಒಂದು ಚಮಚ ನೀರನ್ನು ಬಾಣಲೆಯ ಅಂಚಿಗೆ ಹಾಕಿ ಮುಚ್ಚಳ ಮುಚ್ಚಿದರೆ ಹಬೆಗೆ ಮೇಲ್ಭಾಗವೂ ಬೆಂದುಬಿಡುತ್ತದೆ. ಎರಡು ನಿಮಿಷ. ಮುಚ್ಚಳ ತೆಗೆಯುವಾಗ ಹಬೆ ಆಚೆ ಹೋಗುವ ಹಾಗೆ, ತನ್ನಿಂದ ದೂರದ ಬದಿಯನ್ನು ಮೊದಲು ಎತ್ತಬೇಕು.

• ಈಳಿಗೆಮಣೆ ಹತ್ತು ವರ್ಷದೊಳಗಿನವರಿಗೆ ಬೇಡ. ಅದಿಲ್ಲದೆಯೂ ನಡೆಯುತ್ತದೆ. ಹೊಲದಲ್ಲಿ ಬುತ್ತಿ ಬಿಚ್ಚಿದವರು ಉಳ್ಳಾಗಡ್ಡಿ ಹೇಗೆ ತಿನ್ನುತ್ತಾರೆ? ಮುಷ್ಟಿಯಿಂದ ಒಂದು ಗುದ್ದು. ಮಕ್ಕಳಿಗೆ ಅಡುಗೆಯಲ್ಲಿ ಇದಕ್ಕಿಂತ ಪ್ರೀತಿಯ ಕೆಲಸ ಇನ್ನೊಂದಿಲ್ಲ. ಗುದ್ದಿ, ಸಿಪ್ಪೆ ತೆಗೆದು, ಎಸಳು ಬಿಡಿಸಿ, ಕೈಯಿಂದಲೇ ಮುರಿದು ಹಾಕಲಿ. ಹಸಿಮೆಣಸಿನಕಾಯಿಯನ್ನು ಮುರಿಯುವುದು ನಿಮ್ಮ ಪಾಲು. ಮಕ್ಕಳು ಮುರಿದರೆ ಆ ಕೈ ಕಣ್ಣಿಗೆ ಹೋಗುವುದು ಬ್ರಹ್ಮಲಿಖಿತ.

• ಬುರ್ಜಿಯಿಂದ ಕಲಿಸಿ, ಆಮ್ಲೆಟ್‌ನಿಂದ ಅಲ್ಲ. ಆಮ್ಲೆಟ್ ಹರಿದರೆ ಮಗು ಅಳುತ್ತದೆ. ಬುರ್ಜಿ ಹರಿದೇ ಆಗುವುದು. ಇಬ್ಬರಿಗೆ ಮೂರು ತತ್ತಿ, ಎರಡು ಚಮಚ ಶೇಂಗಾ ಎಣ್ಣೆ, ಗುದ್ದಿದ ಒಂದು ಉಳ್ಳಾಗಡ್ಡಿ, ಚಿಟಿಕೆ ಅರಿಶಿನ, ಉಪ್ಪು. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಬಡಿದಿಟ್ಟ ತತ್ತಿ ಸುರಿದು, ಹತ್ತು ಎಣಿಸುವವರೆಗೆ ಸುಮ್ಮನಿದ್ದು, ಆಮೇಲೆ ಸೌಟಿನಿಂದ ತಳ ಕೆರೆದು ಕೆರೆದು ಮೇಲೆ ತರುವುದು. ಹಸಿ ಲೋಳೆ ಎಲ್ಲೂ ಕಾಣದೆ, ಇನ್ನೂ ತುಸು ಪಸೆ ಇರುವಾಗಲೇ ಗ್ಯಾಸ್ ಬಂದ್. ಕಬ್ಬಿಣದ ಬಿಸಿಗೆ ಉಳಿದದ್ದು ತಾನೇ ಆಗುತ್ತದೆ. ಪೂರಾ ಒಣಗುವವರೆಗೆ ಕಾದರೆ ಅದು ರಬ್ಬರು. ನಿನ್ನೆಯ ಕಡಕ್ ರೊಟ್ಟಿಯನ್ನು ಪುಡಿ ಮಾಡಿ ಅದೇ ಬಾಣಲೆಗೆ ಹಾಕಿ ಕಲಸಿಕೊಂಡು ತಿನ್ನುವ ಹುಡುಗರಿದ್ದಾರೆ. ನೋಡಲು ಚೆಂದವಿಲ್ಲ, ರುಚಿ ಇದೆ.

• ವಯಸ್ಸು ಕೇಳುತ್ತೀರಿ. ಐದಕ್ಕೆ ತೊಳೆಯುವುದು, ಸುಲಿಯುವುದು. ಏಳೆಂಟಕ್ಕೆ ಒಡೆಯುವುದು, ಬಡಿಯುವುದು. ಒಂಬತ್ತು ಹತ್ತಕ್ಕೆ ನೀವು ಪಕ್ಕದಲ್ಲಿ ನಿಂತು ಉರಿ. ಒಬ್ಬರೇ ಮಾಡುವುದು ಹನ್ನೆರಡಾದ ಮೇಲೆ, ಅದೂ ಪಕ್ಕದ ಮನೆಯಲ್ಲಿ ಯಾರಾದರೂ ಇರುವಾಗ. ಇದು ಸರ್ಕಾರಿ ಆದೇಶವೇನಲ್ಲ. ನಿಮ್ಮ ಮಗುವಿನ ಕೈ ನಡುಗುತ್ತದೆಯೇ, ಬುದ್ಧಿ ಎಲ್ಲಿರುತ್ತದೆ ಎನ್ನುವುದು ನಿಮಗೇ ಗೊತ್ತು.

• ಗಂಡುಮಕ್ಕಳಿಗೆ ಮೊದಲು ಕಲಿಸಿ. ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ನೋಡಿಯಾದರೂ ಕಲಿತುಬಿಡುತ್ತಾರೆ. ಡಿಪ್ಲೊಮಾ, ಐಟಿಐ ಎಂದು ಹುಬ್ಬಳ್ಳಿಯಲ್ಲಿ ರೂಮು ಮಾಡಿದ ನಮ್ಮ ಓಣಿಯ ಹುಡುಗರು ಮೊದಲ ವಾರ ಫೋನ್ ಮಾಡಿ ಕೇಳುವುದೇ ಇದನ್ನು: "ಅಮ್ಮಾ, ತತ್ತಿ ಎಷ್ಟೊತ್ತು ಕುದಸಬೇಕು?" (ನಮ್ಮಲ್ಲಿ ತಾಯಿ ಅವ್ವ, ಅಜ್ಜಿ ಅಮ್ಮ.)

• ಎದುರುಮನೆಯಲ್ಲಿ ತತ್ತಿ ಒಲ್ಲದವರಿರುತ್ತಾರೆ. ನಮ್ಮ ಮೂರೂ ಊರಲ್ಲಿ ಅಂಥ ಮನೆಗಳು ಬಹಳ. ಶಾಲೆಯಲ್ಲಿ ತತ್ತಿ ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡುತ್ತಾರೆ; 2025ರವರೆಗೆ ಚಿಕ್ಕಿಯೂ ಇತ್ತು. ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ, ಜಗಳವೇನೂ ಇಲ್ಲ. ತತ್ತಿ ಕೊಡುವ ಮಾತು ಎದ್ದಾಗ ದೊಡ್ಡವರು ಪೇಪರಿನಲ್ಲಿ, ಮಠಗಳಲ್ಲಿ ಎಷ್ಟೆಲ್ಲ ವಾದ ಮಾಡಿದರು. ನನ್ನ ತರಗತಿಯಲ್ಲಿ ಎದ್ದ ತಕರಾರು ಒಂದೇ: ಬಾಳೆಹಣ್ಣು ಸಣ್ಣದು ಬಂದಿದೆ ಎಂದು. ಮನೆಗೆ ಆಡಲು ಬಂದ ಮಗುವಿಗೆ ಕೇಳದೆ ತಿನ್ನಿಸಬಾರದು ಎಂದು ನಿಮ್ಮ ಮಗುವಿಗೆ ಹೇಳಿಕೊಡಿ. ಮನೆತನದ ರೂಢಿಗಾಗಿ ಮಾತ್ರವಲ್ಲ. ಕೆಲವರಿಗೆ ತತ್ತಿ ಮೈಗೆ ಆಗುವುದಿಲ್ಲ, ದದ್ದು ಏಳುತ್ತದೆ, ತುಟಿ ಬಾಯುತ್ತದೆ, ಉಸಿರೇ ಕಟ್ಟಬಹುದು. ನಮ್ಮ ಮನೆಯಲ್ಲೂ ಶ್ರಾವಣದಲ್ಲಿ, ಸೋಮವಾರ, ಅಮಾವಾಸ್ಯೆಯಂದು ತತ್ತಿ ಇಲ್ಲ. ಅವತ್ತು ಬಾಣಲೆಗೆ ರಜೆ, ಅವಲಕ್ಕಿ ಕಲಸಲು ಕಲಿಯಲಿ.

• ಪಾತ್ರೆಯನ್ನು ಮೊದಲು ತಣ್ಣೀರಿನಿಂದ ತೊಳೆಯಬೇಕು. ಬಿಸಿನೀರು ಹಾಕಿದರೆ ಅಂಟಿದ ತತ್ತಿ ಅಲ್ಲೇ ಬೆಂದು ಕೂರುತ್ತದೆ. ವಾಸನೆಗೆ ಕಡಲೆಹಿಟ್ಟು ಇಲ್ಲವೇ ಹಿಂಡಿದ ನಿಂಬೆಯ ಸಿಪ್ಪೆ. ತತ್ತಿಯ ಸಿಪ್ಪೆ ಒಣಗಿಸಿ ಪುಡಿ ಮಾಡಿ ದಾಸವಾಳದ ಬುಡಕ್ಕೆ.

• ಊರು ಬಿಟ್ಟು ಮೈಕ್ರೋವೇವ್ ಇರುವ ಮನೆಗೆ ಹೋದ ಮಕ್ಕಳಿಗೆ: ಇಡೀ ತತ್ತಿಯನ್ನು ಅದರೊಳಗೆ ಇಡಬೇಡಿ. ಸಿಡಿಯುತ್ತದೆ. ಸುಲಿದಿಟ್ಟ ಬೆಂದ ತತ್ತಿಯೂ ಸಿಡಿಯುತ್ತದೆ, ಕೆಲವೊಮ್ಮೆ ಹೊರಗೆ ತೆಗೆದು ಕಚ್ಚಿದಾಗ, ಬಾಯಲ್ಲೇ.

• ಮಾಡಿಕೊಟ್ಟದ್ದನ್ನು ಉಣ್ಣಿ. ಉಪ್ಪು ಹೆಚ್ಚಾಗಿದ್ದರೆ ಇನ್ನೊಂದು ರೊಟ್ಟಿ ತೆಗೆದುಕೊಳ್ಳಿ. ಹೋದ ತಿಂಗಳು ಗಜೇಂದ್ರಗಡಕ್ಕೆ ಹೋದಾಗ ಮಗಳು ಇನ್ನೂ ಮನೆಗೆ ಬಂದಿರಲಿಲ್ಲ. ಬಸ್ಸಿನಲ್ಲಿ ಸುಸ್ತಾಗಿ ಬಂದವಳು ಪಡಸಾಲೆಯಲ್ಲಿ ಕುಳಿತೆ. ಹನ್ನೆರಡು ತುಂಬಿದ ಮೊಮ್ಮಗ ಏನೂ ಹೇಳದೆ ಒಳಗೆ ಹೋದ. ಒಂದು ಗುದ್ದು ಕೇಳಿಸಿತು, ಲೈಟರಿನ ಸದ್ದು ಕೇಳಿಸಿತು, ತುಸು ಹೊತ್ತು ಏನೂ ಇಲ್ಲ, ಆಮೇಲೆ 'ಸುಂಯ್'. ಎದ್ದು ಹೋಗಬೇಕೆಂದು ಎರಡು ಸಲ ಅನ್ನಿಸಿತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತೆ. ತಾಟು ತಂದ. ರೊಟ್ಟಿ, ಬುರ್ಜಿ, ಅಂಚಿನಲ್ಲಿ ಒಂದು ಸಿಪ್ಪೆಯ ಚೂರು.

 "ಗ್ಯಾಸ್ ಬಂದ್ ಮಾಡೀಯೇನೋ?"

 "ಆವಾಗ್ಲೇ ಮಾಡೇನಿ. ನೀ ಉಣ್ಣು."

 ಅವನು ನೀರು ತರಲು ಹಿತ್ತಲಿಗೆ ಹೋದಾಗ ಎದ್ದು ಹೋಗಿ ನೋಡಿ ಬಂದೆ. ಬಂದ್ ಆಗಿತ್ತು.